ಥೈರಾಯ್ಡ್ ತೊಂದರೆ: ಲಕ್ಷಣ ಹಿಡಿದು ದೋಷದ ಜಾಗ ಹುಡುಕುವ ಬಗೆ

ಸುಸ್ತು, ಕೂದಲು ಉದುರುವುದು, ತೂಕ ಏರುವುದು. ಈ ಮೂರರಲ್ಲಿ ಒಂದು ಕಂಡರೂ ಸಾಕು, ಮನೆಯಲ್ಲಿ ಯಾರಾದರೊಬ್ಬರು ‘ಥೈರಾಯ್ಡ್ ಚೆಕ್ ಮಾಡಿಸು’ ಅನ್ನುತ್ತಾರೆ. ಮಾಡಿಸುವುದರಲ್ಲಿ ತಪ್ಪಿಲ್ಲ. ರಿಪೋರ್ಟ್ ಬಂದ ಮೇಲೆ ಟಿಎಸ್‌ಎಚ್ ಎದುರಿನ ಅಂಕಿಯೊಂದನ್ನೇ ನೋಡಿ, ದಪ್ಪಕ್ಷರದಲ್ಲಿದ್ದರೆ ಗ್ರಂಥಿ ಕೆಟ್ಟಿದೆ, ಇಲ್ಲದಿದ್ದರೆ ಎಲ್ಲ ಸರಿಯಿದೆ ಎಂದುಕೊಳ್ಳುವಲ್ಲಿ ಎಡವಟ್ಟಾಗುತ್ತದೆ. ಟಿಎಸ್‌ಎಚ್ ಥೈರಾಯ್ಡ್ ತಯಾರಿಸುವ ಹಾರ್ಮೋನೇ ಅಲ್ಲ, ಅದು ಮೆದುಳಿನ ಕೆಳಗಿರುವ ಪಿಟ್ಯುಟರಿ ಎಂಬ ಗ್ರಂಥಿಯಿಂದ ಬರುವುದು. ದೋಷ ಗ್ರಂಥಿಯಲ್ಲಿರಬಹುದು, ಪಿಟ್ಯುಟರಿಯಲ್ಲಿರಬಹುದು, ಮಾತ್ರೆ ನುಂಗುವ ಹೊತ್ತಿನಲ್ಲಿರಬಹುದು, ಎಷ್ಟೋ ಸಲ ಥೈರಾಯ್ಡ್‌ಗೆ ಸಂಬಂಧವೇ ಇಲ್ಲದ ಕಡೆ ಇರಬಹುದು. ಇದರಲ್ಲಿ ಯಾವುದು ಎಂದು ಹುಡುಕುವುದಕ್ಕೇ ಈ ಬರಹ.

ಇವು ಕಂಡರೆ ಮುಂದೆ ಓದಬೇಡಿ, ಆಸ್ಪತ್ರೆಗೆ ಹೊರಡಿ

ಥೈರಾಯ್ಡ್ ಕಡಿಮೆ ಇರುವವರು, ಅದರಲ್ಲೂ ವಯಸ್ಸಾದವರು, ಮೈ ತಣ್ಣಗಾಗಿ, ಮಂಪರಿನಲ್ಲಿದ್ದು, ಕರೆದರೆ ಸರಿಯಾಗಿ ಓಗೊಡದಿದ್ದರೆ. ಥೈರಾಯ್ಡ್ ಹೆಚ್ಚಿರುವವರಿಗೆ ವಿಪರೀತ ಜ್ವರ, ಎದೆ ಬಡಿತ, ವಾಂತಿ-ಭೇದಿ, ಗೊಂದಲ ಒಟ್ಟಿಗೆ ಬಂದರೆ. ಕುತ್ತಿಗೆಯ ಊತದಿಂದ ಉಸಿರು ಕಟ್ಟುವಂತಿದ್ದರೆ. ಎದೆನೋವು ಇದ್ದರೆ. ಹೆಚ್ಚಿದ ಹಾರ್ಮೋನ್ ತಗ್ಗಿಸುವ ಕಾರ್ಬಿಮಜೋಲ್ ಅಥವಾ ಮೆಥಿಮಜೋಲ್ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಜ್ವರ, ಗಂಟಲು ನೋವು, ಬಾಯಿಹುಣ್ಣು ಬಂದರೆ. ಈ ಕೊನೆಯದನ್ನು ಕೆಳಗೆ ವಿವರಿಸಿದ್ದೇನೆ, ಆದರೆ ವಿವರ ಓದುವವರೆಗೂ ಕಾಯುವ ವಿಷಯ ಅದಲ್ಲ.

ಹಾರ್ಮೋನ್ ಹೇಗೆ ತಯಾರಾಗುತ್ತದೆ, ಯಾರು ಹಿಡಿತದಲ್ಲಿಡುತ್ತಾರೆ

ಗಂಟಲುಬ್ಬಿನ ಕೆಳಗೆ, ಶ್ವಾಸನಾಳದ ಮುಂಭಾಗಕ್ಕೆ ಅಂಟಿಕೊಂಡಂತೆ ಇರುವ, 20 ಗ್ರಾಂ ಆಸುಪಾಸು ತೂಗುವ ಗ್ರಂಥಿ ಥೈರಾಯ್ಡ್. ರಕ್ತದಲ್ಲಿರುವ ಅಯೋಡಿನ್ ಹೀರಿಕೊಂಡು, ಟೈರೋಸಿನ್ ಎಂಬ ಅಮೈನೋ ಆಮ್ಲಕ್ಕೆ ಜೋಡಿಸಿ, ಎರಡು ಹಾರ್ಮೋನ್ ಮಾಡುತ್ತದೆ. ನಾಲ್ಕು ಅಯೋಡಿನ್ ಪರಮಾಣು ಇರುವುದು ಟಿ4, ಮೂರಿರುವುದು ಟಿ3. ಗ್ರಂಥಿಯಿಂದ ಹೊರಬೀಳುವುದು ಬಹುಪಾಲು ಟಿ4. ಆದರೆ ಜೀವಕೋಶದೊಳಗೆ ಕೆಲಸ ನಡೆಸುವುದು ಟಿ3. ಯಕೃತ್ತು, ಮೂತ್ರಪಿಂಡ ಮುಂತಾದ ಅಂಗಗಳು ಟಿ4ರಿಂದ ಒಂದು ಅಯೋಡಿನ್ ಕಳಚಿ ಟಿ3 ಮಾಡಿಕೊಳ್ಳುತ್ತವೆ. ದೇಹದ ಟಿ3ಯಲ್ಲಿ ಸುಮಾರು ಶೇ. 80 ಹೀಗೆ ಗ್ರಂಥಿಯ ಹೊರಗೇ ತಯಾರಾಗುತ್ತದೆ. ಹೃದಯ ಎಷ್ಟು ಬೇಗ ಬಡಿಯಬೇಕು, ಕರುಳು ಎಷ್ಟು ಚುರುಕಾಗಿರಬೇಕು, ಮೈ ಎಷ್ಟು ಬೆಚ್ಚಗಿರಬೇಕು ಎಂಬುದೆಲ್ಲ ಈ ಹಾರ್ಮೋನಿನ ಮಟ್ಟಕ್ಕೆ ತಕ್ಕಂತೆ ನಡೆಯುತ್ತದೆ.

ಮಟ್ಟವನ್ನು ಕಾಯುವುದು ಮೇಲಿನವರು. ಮೆದುಳಿನ ಹೈಪೋಥಲಾಮಸ್ ಟಿಆರ್‌ಎಚ್ ಬಿಡುತ್ತದೆ, ಅದರಿಂದ ಪಿಟ್ಯುಟರಿ ಟಿಎಸ್‌ಎಚ್ ಬಿಡುತ್ತದೆ, ಅದು ಥೈರಾಯ್ಡನ್ನು ಕೆಲಸಕ್ಕೆ ಹಚ್ಚುತ್ತದೆ. ರಕ್ತದಲ್ಲಿ ಹಾರ್ಮೋನ್ ಸಾಕಷ್ಟಿದ್ದರೆ ಮೇಲಿನ ಎರಡೂ ಕಡೆ ತಗ್ಗುತ್ತದೆ. ಸಾಲದೆ ಹೋದರೆ ಕಿವಿ ಮಂದವಾದವರನ್ನು ಕರೆಯುವಾಗ ದನಿ ಏರಿಸಿದ ಹಾಗೆ ಪಿಟ್ಯುಟರಿ ಟಿಎಸ್‌ಎಚ್ ಏರಿಸುತ್ತಾ ಹೋಗುತ್ತದೆ. ಆದ್ದರಿಂದ ಟಿಎಸ್‌ಎಚ್ ಹೆಚ್ಚಾಗಿ ಟಿ4 ಕಡಿಮೆಯಾಗಿದ್ದರೆ ದೋಷ ಗ್ರಂಥಿಯಲ್ಲಿ. ಟಿಎಸ್‌ಎಚ್ ನೆಲ ಹಿಡಿದು ಟಿ4 ಅಥವಾ ಟಿ3 ಹೆಚ್ಚಾಗಿದ್ದರೆ ಹಾರ್ಮೋನ್ ಮಿತಿಮೀರಿದೆ. ಟಿ4 ಕಡಿಮೆಯಿದ್ದೂ ಟಿಎಸ್‌ಎಚ್ ಏರದೆ ಸುಮ್ಮನಿದ್ದರೆ ಅನುಮಾನ ಪಿಟ್ಯುಟರಿಯ ಮೇಲೆ. ಸಾಮಾನ್ಯವಾಗಿ ಲ್ಯಾಬುಗಳು ದೊಡ್ಡವರಿಗೆ ಟಿಎಸ್‌ಎಚ್ ಮಿತಿ 0.4ರಿಂದ 4ರ ಆಸುಪಾಸು ಎಂದು ಬರೆಯುತ್ತವೆ. ನಿಮ್ಮ ಲ್ಯಾಬ್ ತನ್ನ ಹಾಳೆಯಲ್ಲಿ ಕೊಟ್ಟ ಮಿತಿಯನ್ನೇ ನೋಡಿ.

‘ಮೈ ಭಾರ, ಚಳಿ ತಡೆಯೋಕಾಗಲ್ಲ, ಹೊಟ್ಟೆ ಸರಿಯಾಗಿ ಹೋಗಲ್ಲ’

ಖರ್ಚಿಲ್ಲದ ಪರೀಕ್ಷೆಗಳಿಂದ ಶುರು ಮಾಡಿ. ಐದು ನಿಮಿಷ ಸುಮ್ಮನೆ ಕೂತು ಮಣಿಕಟ್ಟಿನ ನಾಡಿಯನ್ನು ಒಂದು ಪೂರ್ತಿ ನಿಮಿಷ ಎಣಿಸಿ. 60ರಿಂದ 100ರ ನಡುವೆ ಇರಬೇಕು. ಥೈರಾಯ್ಡ್ ತಗ್ಗಿದಾಗ ನಾಡಿ ನಿಧಾನವಾಗುತ್ತದೆ. ಕನ್ನಡಿ ಮುಂದೆ ನಿಂತು ಗದ್ದ ಸ್ವಲ್ಪ ಎತ್ತಿ, ಬಾಯಲ್ಲಿ ಒಂದು ಗುಟುಕು ನೀರು ಇಟ್ಟುಕೊಂಡು, ಕುತ್ತಿಗೆಯ ಬುಡವನ್ನೇ ನೋಡುತ್ತಾ ನುಂಗಿ. ಥೈರಾಯ್ಡ್ ನುಂಗುವಾಗ ಮೇಲೇರಿ ಕೆಳಗಿಳಿಯುತ್ತದೆ. ಉಬ್ಬೊಂದು ನೀರಿನ ಜೊತೆ ಮೇಲೆ ಹೋಗಿ ಬಂದರೆ ಅದು ಥೈರಾಯ್ಡಿನದು ಎಂಬ ಅನುಮಾನಕ್ಕೆ ಬಲ ಬರುತ್ತದೆ. ದನಿ ಒಡೆದಂತಾಗಿದೆಯೇ, ಬೆಳಗ್ಗೆ ಕಣ್ಣಿನ ಸುತ್ತ ಊತವಿದೆಯೇ, ಮುಟ್ಟಿನ ರಕ್ತ ಹೆಚ್ಚಾಗಿದೆಯೇ ಎಂದು ನೋಡಿ. ಒಂದೊಂದೇ ಲಕ್ಷಣಕ್ಕೆ ಹೆಚ್ಚು ಅರ್ಥವಿಲ್ಲ. ಮೂರ್ನಾಲ್ಕು ಒಟ್ಟಿಗೆ, ಕೆಲವು ತಿಂಗಳಲ್ಲಿ ಹೊಸದಾಗಿ ಬಂದಿದ್ದರೆ ಗಮನ ಕೊಡಬೇಕು.

ತೂಕದ ಬಗ್ಗೆ ಒಂದು ಮಾತು. ಥೈರಾಯ್ಡ್ ಕಡಿಮೆಯಾದದ್ದರಿಂದ ಏರುವ ತೂಕ ಸಾಮಾನ್ಯವಾಗಿ ಕೆಲವೇ ಕಿಲೋ, ಅದರಲ್ಲೂ ಬಹಳಷ್ಟು ನೀರು-ಉಪ್ಪಿನದು. 15 ಕಿಲೋ ಏರಿದ್ದಕ್ಕೆಲ್ಲ ಈ ಗ್ರಂಥಿಯೇ ಕಾರಣ ಎಂದು ನಂಬಿದರೆ, ಮಾತ್ರೆ ಶುರುವಾದ ಮೇಲೂ ತೂಕ ಇಳಿಯಲಿಲ್ಲವೆಂದು ನಿರಾಶೆಯಾಗುತ್ತದೆ. ತೂಕ ಇಳಿಸಲೆಂದು ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವುದಂತೂ ಅಪಾಯ, ಹೃದಯದ ಲಯ ತಪ್ಪುತ್ತದೆ.

ಇನ್ನು ಅಡುಗೆಮನೆಯ ಉಪ್ಪು. ಪ್ಯಾಕೆಟ್ ಮೇಲೆ ಅಯೋಡಿನ್ ಬೆರೆಸಿದ್ದು ಎಂದಿದೆಯೇ? ಬಿಡಿಯಾಗಿ ಸಿಗುವ ಕಲ್ಲುಪ್ಪು, ಸೈಂಧವ ಲವಣ, ಈಚೆಗೆ ಬಳಕೆಗೆ ಬಂದ ಪಿಂಕ್ ಸಾಲ್ಟ್ ಇವುಗಳಲ್ಲಿ ಸಾಮಾನ್ಯವಾಗಿ ಬೆರೆಸಿದ ಅಯೋಡಿನ್ ಇರುವುದಿಲ್ಲ. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ, ಗರ್ಭಿಣಿ-ಬಾಣಂತಿಯರಿಗೆ 250 ಮೈಕ್ರೋಗ್ರಾಂ ಅಯೋಡಿನ್ ಬೇಕು. ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಿಂದ ನಡೆಸಿದ ಅಧ್ಯಯನ, ಉಪ್ಪಿನಲ್ಲಿ ಅಯೋಡಿನ್ ಕೊಟ್ಟರೆ ಗಳಗಂಡ (ಥೈರಾಯ್ಡ್ ಊದಿ ಕುತ್ತಿಗೆ ಉಬ್ಬುವುದು) ಇಳಿಯುತ್ತದೆಂದು ತೋರಿಸಿಕೊಟ್ಟಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಅಯೋಡಿನ್ ಕೊರತೆಯಿಂದ ಮಂಕಾಗಬಹುದಾಗಿದ್ದ ಇಷ್ಟು ಮಕ್ಕಳ ಬುದ್ಧಿಯನ್ನು ಇಷ್ಟು ಅಗ್ಗದಲ್ಲಿ ಕಾಪಾಡಿದ ಕೆಲಸವನ್ನು ಫ್ಯಾಷನ್ನಿನ ಉಪ್ಪಿಗಾಗಿ ಬಿಟ್ಟುಕೊಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಡಬ್ಬಿಗೆ ಮುಚ್ಚಳ ಭದ್ರವಾಗಿರಲಿ, ಒಲೆಯ ಬಿಸಿ ತಾಗದ ಕಡೆ ಇರಲಿ. ಹಾಗೆಂದು ಅಯೋಡಿನ್ ಮಾತ್ರೆ, ಕಡಲಪಾಚಿಯ ಪುಡಿ ನುಂಗಬೇಡಿ. ಅಯೋಡಿನ್ ಸಾಕಷ್ಟು ಸಿಗುವ ಕಡೆ ಥೈರಾಯ್ಡ್ ತಗ್ಗಲು ಮುಖ್ಯ ಕಾರಣ ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯ ಮೇಲೆ ಬೀಳುವುದು. ಜಪಾನಿನ ಹಕಾರು ಹಶಿಮೋಟೊ 1912ರಲ್ಲಿ ಇದನ್ನು ವಿವರಿಸಿದ್ದರಿಂದ ಅವರದೇ ಹೆಸರು ಉಳಿದಿದೆ. ಅಂಥ ಗ್ರಂಥಿಗೆ ಅತಿಯಾದ ಅಯೋಡಿನ್ ಇನ್ನಷ್ಟು ಕೆಡುಕು.

ಎಲೆಕೋಸು, ಹೂಕೋಸು ಬಿಡಬೇಕಾ ಎಂದು ಕೇಳದವರಿಲ್ಲ. ಬೇಯಿಸಿ, ಎಲ್ಲರೂ ತಿನ್ನುವಷ್ಟು ತಿಂದರೆ, ಅಯೋಡಿನ್ ಉಪ್ಪು ಬಳಸುವ ಮನೆಯಲ್ಲಿ ಚಿಂತೆಯಿಲ್ಲ.

ಮುಂದಿನ ಹೆಜ್ಜೆ ರಕ್ತ ಪರೀಕ್ಷೆ. ಟಿಎಸ್‌ಎಚ್ ಮತ್ತು ಫ್ರೀ ಟಿ4 (ರಕ್ತದ ಪ್ರೋಟೀನಿಗೆ ಅಂಟದೆ ಬಿಡಿಯಾಗಿರುವ ಟಿ4) ಎರಡೂ ಇರಲಿ. ಅದೇ ರಕ್ತದಲ್ಲಿ ಹಿಮೋಗ್ಲೋಬಿನ್, ಸಕ್ಕರೆ, ವಿಟಮಿನ್ ಬಿ12 ನೋಡಿಸುವುದು ಜಾಣತನ. ಸುಸ್ತು, ಕೂದಲು ಉದುರುವುದು ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆಯಿಂದಲೇ ಎಷ್ಟೋ ಬರುತ್ತದೆ. ಸುಸ್ತಿನ ಜೊತೆ ಬಾಯಾರಿಕೆ, ಪದೇಪದೇ ಮೂತ್ರ ಇದ್ದರೆ ಮೊದಲು ಸಕ್ಕರೆ ಕಾಯಿಲೆ ಯೋಚಿಸಿ. ಸಂತೋಷ ಕೊಡುತ್ತಿದ್ದ ಯಾವುದರಲ್ಲೂ ಮನಸ್ಸಿಲ್ಲದೆ ವಾರಗಟ್ಟಲೆ ಆಗಿದ್ದರೆ ಖಿನ್ನತೆಯನ್ನೂ ಡಾಕ್ಟರ ಮುಂದೆ ಬಾಯಿಬಿಟ್ಟು ಹೇಳಿ.

‘ಟಿಎಸ್‌ಎಚ್ ಸ್ವಲ್ಪ ಮಾತ್ರ ಜಾಸ್ತಿ ಬಂದಿದೆ’

ಟಿಎಸ್‌ಎಚ್ 4ರಿಂದ 10ರ ನಡುವೆ, ಟಿ4 ಸರಿಯಿದ್ದರೆ ಗಾಬರಿ ಬೇಡ. ಬೇರೆ ಕಾಯಿಲೆಯಿಂದ ಚೇತರಿಸಿಕೊಳ್ಳುವಾಗ ಟಿಎಸ್‌ಎಚ್ ತಾತ್ಕಾಲಿಕವಾಗಿ ಏರುವುದುಂಟು. ದಿನದೊಳಗೂ ಅದು ಏರಿಳಿಯುತ್ತದೆ: ರಾತ್ರಿ ಹೆಚ್ಚು, ಮಧ್ಯಾಹ್ನ ಕಡಿಮೆ. ಎರಡು-ಮೂರು ತಿಂಗಳು ಬಿಟ್ಟು, ಅದೇ ಲ್ಯಾಬಿನಲ್ಲಿ, ಅದೇ ಹೊತ್ತಿಗೆ ಮತ್ತೊಮ್ಮೆ ನೋಡಿಸಿ. ಜೊತೆಗೆ ಗ್ರಂಥಿಯ ಮೇಲೆ ಬೀಳುವ ಪ್ರತಿಕಾಯ ಹುಡುಕುವ ಆ್ಯಂಟಿ-ಟಿಪಿಒ ಪರೀಕ್ಷೆ ಮಾಡಿಸಿದರೆ ಮುಂದೆ ಗ್ರಂಥಿ ಸೋಲುವ ಸಂಭವ ಎಷ್ಟೆಂದು ಅಂದಾಜು ಸಿಗುತ್ತದೆ. ವಯಸ್ಸಾದಂತೆ ಟಿಎಸ್‌ಎಚ್ ಸ್ವಲ್ಪ ಏರುವುದು ಸಹಜ. 75 ದಾಟಿದ ಅಜ್ಜಿಗೆ 6 ಬಂತೆಂದು ಮಾತ್ರೆ ಕೊಟ್ಟು ನಾಡಿ ಓಡಿಸುವುದಕ್ಕಿಂತ ಕಾದು ನೋಡುವುದೇ ಹಲವು ಸಲ ಸರಿ. ಗರ್ಭಿಣಿಗೆ ಮತ್ತು ಮಗು ಬಯಸುತ್ತಿರುವವರಿಗೆ ಮಾತ್ರ ಈ ಕಾಯುವ ಲೆಕ್ಕ ಅನ್ವಯಿಸುವುದಿಲ್ಲ. ಅವರು ಅದೇ ವಾರ ಡಾಕ್ಟರನ್ನು ಕಾಣಬೇಕು.

‘ದಿನಾ ಮಾತ್ರೆ ತಗೋತಿದೀನಿ, ಆದ್ರೂ ಟಿಎಸ್‌ಎಚ್ ಇಳೀತಿಲ್ಲ’

ಅತಿ ಹೆಚ್ಚು ಕೇಳಿಬರುವ ದೂರು ಇದು. ಡೋಸ್ ಹೆಚ್ಚಿಸುವ ಮೊದಲು ಮಾತ್ರೆ ಹೊಟ್ಟೆಯಿಂದ ರಕ್ತಕ್ಕೆ ಸೇರುತ್ತಿದೆಯೇ ಎಂದು ನೋಡಬೇಕು. ‘ಬೆಳಗ್ಗೆ ಎದ್ದು ಏನೇನು ಮಾಡುತ್ತೀರಿ, ಕ್ರಮವಾಗಿ ಹೇಳಿ’ ಎಂದು ಕೇಳಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಐದೂವರೆಗೆ ಎದ್ದು, ಹಾಲು ಕಾಯಿಸಲಿಟ್ಟು, ಮಾತ್ರೆ ಬಾಯಿಗೆ ಹಾಕಿಕೊಂಡು, ಡಿಕಾಕ್ಷನ್ ಬೆರೆಸಿದ ಕಾಫಿಯಲ್ಲೇ ಅದನ್ನು ನುಂಗುವವರಿದ್ದಾರೆ. ಈ ಮಾತ್ರೆಯಲ್ಲಿರುವುದು ಲಿವೊಥೈರಾಕ್ಸಿನ್ (ಥೈರಾಕ್ಸಿನ್, ಅಂದರೆ ಟಿ4). ಕಾಫಿ ಅದರ ಹೀರಿಕೆಯನ್ನು ತಗ್ಗಿಸುತ್ತದೆ, ಹಾಲಿನ ಕ್ಯಾಲ್ಸಿಯಂ ಕೂಡ. ಮಾತ್ರೆಯನ್ನು ಬರೀ ನೀರಿನಲ್ಲಿ ನುಂಗಿ. ಕಾಫಿ, ತಿಂಡಿಗೆ ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಕಾಯಿರಿ. ಬೆಳಗಿನ ಮನೆಗೆಲಸದಲ್ಲಿ ಇದು ಆಗದ ಮಾತು ಎನ್ನುವವರಿಗೆ ಇನ್ನೊಂದು ದಾರಿಯಿದೆ: ರಾತ್ರಿ ಊಟವಾಗಿ ಮೂರು ಗಂಟೆ ಕಳೆದ ಮೇಲೆ, ಮಲಗುವ ಮುಂಚೆ. ಯಾವುದಾದರೊಂದು ಹೊತ್ತು ಹಿಡಿದು ಅದಕ್ಕೇ ಅಂಟಿಕೊಳ್ಳಿ.

ಎರಡನೆಯ ಅಪರಾಧಿ ಜೊತೆಯ ಮಾತ್ರೆಗಳು. ಕ್ಯಾಲ್ಸಿಯಂ ಮಾತ್ರೆ, ಐರನ್ ಮಾತ್ರೆ ಥೈರಾಕ್ಸಿನ್ನನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತವೆ. ಇವಕ್ಕೂ ಥೈರಾಯ್ಡ್ ಮಾತ್ರೆಗೂ ನಾಲ್ಕು ಗಂಟೆ ಅಂತರ ಬೇಕು. ಗ್ಯಾಸ್ ಮಾತ್ರೆ ಎಂದು ಖಾಲಿ ಹೊಟ್ಟೆಗೆ ತಿಂಗಳುಗಟ್ಟಲೆ ನುಂಗುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಹೊಟ್ಟೆಯ ಆಮ್ಲ ತಗ್ಗಿಸಿ ಹೀರಿಕೆಗೆ ಅಡ್ಡಿ ಮಾಡುತ್ತವೆ. ಚೀಟಿಯಲ್ಲಿ ಇಲ್ಲದೆ ನೀವೇ ಕೊಂಡದ್ದನ್ನೂ ಸೇರಿಸಿ ಎಲ್ಲವನ್ನೂ ಡಾಕ್ಟರಿಗೆ ತೋರಿಸಿ.

ಮೂರನೆಯದು ಬಾಟಲಿ. ಥೈರಾಕ್ಸಿನ್ ಬಿಸಿಗೆ, ತೇವಕ್ಕೆ, ಬೆಳಕಿಗೆ ಕೆಡುತ್ತದೆ. ಒಲೆ ಮೇಲಿನ ಶೆಲ್ಫಿನಲ್ಲಿ ಅಥವಾ ಬಚ್ಚಲಮನೆಯ ಕಪಾಟಿನಲ್ಲಿ ಇಡಬೇಡಿ. ಮುಗಿಯುವ ದಿನಾಂಕ ನೋಡಿ. ಒಂದೇ ಮನೆಯಲ್ಲಿ ಇಬ್ಬರು ತೆಗೆದುಕೊಳ್ಳುತ್ತಿದ್ದರೆ 25 ಮೈಕ್ರೋಗ್ರಾಂನ ಬಾಟಲಿಯೂ 100ರ ಬಾಟಲಿಯೂ ಅದಲುಬದಲಾಗುವುದುಂಟು, ಹೆಸರು ಬರೆದು ಅಂಟಿಸಿ. ಕಂಪನಿ ಬದಲಾಯಿಸಿದರೆ ಆರರಿಂದ ಎಂಟು ವಾರಕ್ಕೆ ಟಿಎಸ್‌ಎಚ್ ನೋಡಿಸಿ.

ಯಾಕೆ ಆರು ವಾರ? ರಕ್ತದಲ್ಲಿರುವ ಟಿ4 ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಹಿಡಿಯುತ್ತದೆ. ಹೊಸ ಡೋಸ್ ಒಂದು ಮಟ್ಟದಲ್ಲಿ ನೆಲೆಯಾಗಿ, ಪಿಟ್ಯುಟರಿ ಅದಕ್ಕೆ ಹೊಂದಿಕೊಳ್ಳಲು ಅಷ್ಟು ಸಮಯ ಬೇಕು. ಹತ್ತೇ ದಿನಕ್ಕೆ ಪರೀಕ್ಷೆ ಮಾಡಿಸಿ ‘ಇಳಿದಿಲ್ಲ’ ಎಂದರೆ ದುಡ್ಡು ದಂಡ. ಪರೀಕ್ಷೆಗೆ ಎರಡು ದಿನ ಮುಂಚೆಯಿಂದ ಮಾತ್ರ ನಿಯಮವಾಗಿ ನುಂಗುವವರಲ್ಲಿ ಟಿ4 ಸರಿಯಿದ್ದೂ ಟಿಎಸ್‌ಎಚ್ ಹೆಚ್ಚಿರುವ ವಿಚಿತ್ರ ರಿಪೋರ್ಟ್ ಬರುವುದೂ ಇದರಿಂದಲೇ. ಬಿಟ್ಟುಹೋದದ್ದನ್ನು ಬೈಸಿಕೊಳ್ಳುವ ಭಯಕ್ಕೆ ಮುಚ್ಚಿಡಬೇಡಿ. ಮುಚ್ಚಿಟ್ಟರೆ ಡೋಸ್ ಸುಮ್ಮನೆ ಏರುತ್ತದೆ.

ಇಷ್ಟೆಲ್ಲ ಸರಿಪಡಿಸಿದ ಮೇಲೂ ಇಳಿಯದಿದ್ದರೆ ಆಗ ಡೋಸ್ ಲೆಕ್ಕ. ಗ್ರಂಥಿ ಪೂರ್ತಿ ನಿಂತವರಿಗೆ ತೂಕದ ಕಿಲೋಗೆ ಸುಮಾರು 1.6 ಮೈಕ್ರೋಗ್ರಾಂ ಬೇಕಾಗುತ್ತದೆ, 60 ಕಿಲೋದವರಿಗೆ 100ರ ಆಸುಪಾಸು. ಅದೇ ತೂಕದವರಿಗೆ 200 ಕೊಟ್ಟರೂ ಸಾಲುತ್ತಿಲ್ಲವೆಂದರೆ ಜಠರ-ಕರುಳಿನ ತೊಂದರೆ ಹುಡುಕಬೇಕು. ಗೋಧಿಯ ಗ್ಲೂಟೆನ್ ಒಗ್ಗದ ಸೀಲಿಯಾಕ್ ಕಾಯಿಲೆ ಅದರಲ್ಲೊಂದು. ಡೋಸ್ ನೀವಾಗಿ ಏರಿಸಬೇಡಿ. ವಯಸ್ಸಾದವರಲ್ಲಿ ಹೆಚ್ಚಾದ ಥೈರಾಕ್ಸಿನ್ ಹೃದಯದ ಲಯ ಕೆಡಿಸುತ್ತದೆ, ಮೂಳೆ ಸವೆಸುತ್ತದೆ.

‘ರಿಪೋರ್ಟ್ ನಾರ್ಮಲ್, ಸುಸ್ತು ಮಾತ್ರ ಹಾಗೇ ಇದೆ’

ಬಹುಪಾಲು ಜನರಲ್ಲಿ ಇದರರ್ಥ ಕಾರಣ ಬೇರೆ ಕಡೆ ಇದೆ ಎಂದೇ. ಮತ್ತೆ ಮತ್ತೆ ಟಿಎಸ್‌ಎಚ್ ಮಾಡಿಸುವ ಬದಲು ರಕ್ತ, ನಿದ್ದೆ, ಮನಸ್ಸು ನೋಡಿಸಿ. ಆದರೆ ಎರಡು ಸಂದರ್ಭದಲ್ಲಿ ‘ನಾರ್ಮಲ್’ ಎಂಬ ಪದ ದಾರಿ ತಪ್ಪಿಸುತ್ತದೆ.

ಒಂದು, ಕೂದಲು-ಉಗುರಿಗೆಂದು ನುಂಗುವ ಬಯೋಟಿನ್ ಮಾತ್ರೆ. ಅನೇಕ ಲ್ಯಾಬುಗಳ ಪರೀಕ್ಷಾ ವಿಧಾನದಲ್ಲೇ ಬಯೋಟಿನ್ ಬಳಕೆಯಾಗುವುದರಿಂದ, ರಕ್ತದಲ್ಲಿ ಅದು ತುಂಬಿದ್ದರೆ ಟಿಎಸ್‌ಎಚ್ ಸುಳ್ಳೇ ಕಡಿಮೆ, ಟಿ4 ಸುಳ್ಳೇ ಹೆಚ್ಚು ಬರಬಹುದು. ಥೈರಾಯ್ಡ್ ತಗ್ಗಿ ಕೂದಲು ಉದುರುತ್ತಿರುವವರೇ ಈ ಮಾತ್ರೆ ನುಂಗುವುದರಿಂದ ರೋಗ ಮರೆಯಾಗಿಬಿಡುತ್ತದೆ. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ನಿಲ್ಲಿಸಿ, ಲ್ಯಾಬಿನವರಿಗೂ ತಿಳಿಸಿ.

ಇನ್ನೊಂದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿದ್ದರೆ, ಆ ಹೊತ್ತಿಗೆ ದೊಡ್ಡದಾಗಿ ಬೆಳೆದಿರುವ ಪಿಟ್ಯುಟರಿಗೆ ರಕ್ತ ಸಾಲದೆ ಅದು ಭಾಗಶಃ ಸತ್ತುಹೋಗಬಹುದು. ಶೀಹಾನ್ ಸಿಂಡ್ರೋಮ್ ಎನ್ನುತ್ತಾರೆ. ಬಾಣಂತಿಗೆ ಹಾಲು ಇಳಿಯುವುದಿಲ್ಲ. ಮುಟ್ಟು ಮರಳುವುದಿಲ್ಲ. ಕಂಕುಳ ಕೂದಲು ಉದುರುತ್ತದೆ. ನಿಂತರೆ ತಲೆಸುತ್ತು, ಎಷ್ಟು ಮಲಗಿದರೂ ಹೋಗದ ಸುಸ್ತು. ಮನೆಯವರು ‘ಬಾಣಂತನ ಸರಿಯಾಗಲಿಲ್ಲ’ ಎಂದು ವರ್ಷಗಟ್ಟಲೆ ಸುಮ್ಮನಿರುತ್ತಾರೆ. ಇವರಿಗೆ ಟಿಎಸ್‌ಎಚ್ ಒಂದನ್ನೇ ಮಾಡಿಸಿದರೆ ನಾರ್ಮಲ್ ಬರಬಹುದು, ಯಾಕೆಂದರೆ ಅದನ್ನು ಏರಿಸಬೇಕಾದ ಗ್ರಂಥಿಯೇ ಸೋತಿದೆ. ಫ್ರೀ ಟಿ4 ಮಾಡಿಸಿದರೆ ಕಡಿಮೆ ಇರುವುದು ಕಾಣುತ್ತದೆ. ಜೊತೆಗೆ ಬೆಳಗ್ಗೆ ಎಂಟರ ಹೊತ್ತಿನ ಕಾರ್ಟಿಸಾಲ್ (ಪಿಟ್ಯುಟರಿಯ ಹಿಡಿತದಲ್ಲೇ ಇರುವ ಅಡ್ರಿನಲ್ ಗ್ರಂಥಿಯ ಹಾರ್ಮೋನ್) ನೋಡಲೇಬೇಕು. ಕಾರ್ಟಿಸಾಲ್ ಕೊರತೆ ಇರುವವರಿಗೆ ಅದನ್ನು ತುಂಬದೆ ಮೊದಲು ಥೈರಾಕ್ಸಿನ್ ಕೊಟ್ಟರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ. ಹೆರಿಗೆಯಲ್ಲಿ ರಕ್ತ ಏರಿಸಬೇಕಾಗಿ ಬಂದಿದ್ದರೆ ಆ ಸಂಗತಿಯನ್ನು, ಎಷ್ಟು ವರ್ಷ ಹಳೆಯದಾದರೂ, ಡಾಕ್ಟರಿಗೆ ಹೇಳಿ. ತೀವ್ರ ತಲೆನೋವು, ನೋಟದ ಎಡ-ಬಲ ಹೊರ ಅಂಚುಗಳು ಕಾಣದಿರುವುದು ಸೇರಿಕೊಂಡರೆ ಪಿಟ್ಯುಟರಿ ಗೆಡ್ಡೆಯ ಅನುಮಾನ. ಇವೆಲ್ಲ ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ತಜ್ಞರು) ನೋಡಬೇಕಾದ ಕೆಲಸ.

‘ಚೆನ್ನಾಗಿ ತಿಂತೀನಿ, ತೂಕ ಇಳೀತಿದೆ, ಎದೆ ಡವಡವ ಅನ್ನುತ್ತೆ’

ಎರಡೂ ಕೈ ಮುಂದೆ ಚಾಚಿ, ಬೆರಳು ಅಗಲಿಸಿ, ಮೇಲೊಂದು ತೆಳು ಕಾಗದ ಇಡಿ. ಬರಿಗಣ್ಣಿಗೆ ಕಾಣದ ಸಣ್ಣ ನಡುಕವನ್ನು ಕಾಗದದ ಅಂಚು ತೋರಿಸುತ್ತದೆ. ಕೂತಾಗಲೇ ನಾಡಿ 100 ದಾಟಿದರೆ, ಅಂಗೈ ಬೆಚ್ಚಗೆ ಒದ್ದೆಯಾಗಿದ್ದರೆ, ಸೆಖೆ ತಡೆಯದಿದ್ದರೆ ಹಾರ್ಮೋನ್ ಹೆಚ್ಚಿರುವ ಸಾಧ್ಯತೆ. ನಾಡಿ ತಾಳ ತಪ್ಪಿ ಬಡಿಯುತ್ತಿದ್ದರೆ ಅದೇ ದಿನ ಇಸಿಜಿ ಮಾಡಿಸಿ. ಈಗಾಗಲೇ ಥೈರಾಕ್ಸಿನ್ ತೆಗೆದುಕೊಳ್ಳುವವರಾದರೆ ಡೋಸ್ ಹೆಚ್ಚಾಗಿರಬಹುದು.

ಹೊಸದಾಗಿ ಬಂದಿದ್ದರೆ ಕಾರಣ ಬಿಡಿಸುವುದು ಮುಖ್ಯ, ಚಿಕಿತ್ಸೆ ಒಂದೇ ಅಲ್ಲ. ಕಣ್ಣುಗುಡ್ಡೆ ಮುಂದೆ ಬಂದಿದ್ದರೆ, ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯನ್ನು ಅತಿಯಾಗಿ ದುಡಿಸುವ ಗ್ರೇವ್ಸ್ ಕಾಯಿಲೆ ಇರಬಹುದು, ಸಿಗರೇಟು ಸೇದುವವರಲ್ಲಿ ಕಣ್ಣು ಇನ್ನೂ ಕೆಡುತ್ತದೆ. ವೈರಲ್ ಜ್ವರದ ನಂತರ ಕುತ್ತಿಗೆ ಮುಟ್ಟಿದರೆ ನೋವು, ಕಿವಿಯವರೆಗೂ ಎಳೆತ ಇದ್ದರೆ ಗ್ರಂಥಿ ಉರಿಯೂತದಿಂದ ಕೂಡಿಟ್ಟ ಹಾರ್ಮೋನ್ ಸೋರುತ್ತಿರುತ್ತದೆ. ಹೆರಿಗೆಯಾಗಿ ವರ್ಷದೊಳಗೆ ಹೀಗೇ ಮೊದಲು ಹೆಚ್ಚಾಗಿ ಆಮೇಲೆ ಕಡಿಮೆಯಾಗುವುದೂ ಉಂಟು. ಸೋರಿಕೆಗೆ ತಯಾರಿಕೆ ತಡೆಯುವ ಮಾತ್ರೆ ಕೊಟ್ಟು ಪ್ರಯೋಜನವಿಲ್ಲ. ಸ್ಕ್ಯಾನ್ ಮತ್ತು ಪ್ರತಿಕಾಯ ಪರೀಕ್ಷೆಗಳು ಇದನ್ನು ಬೇರ್ಪಡಿಸುತ್ತವೆ. ಗರ್ಭಿಣಿ ಅಥವಾ ಎದೆಹಾಲು ಕೊಡುವವರಾದರೆ ಸ್ಕ್ಯಾನ್‌ಗೆ ಮೊದಲೇ ಹೇಳಿ, ಅದರಲ್ಲಿ ವಿಕಿರಣ ವಸ್ತು ಬಳಸುತ್ತಾರೆ.

ಕಾರ್ಬಿಮಜೋಲ್ ಅಥವಾ ಮೆಥಿಮಜೋಲ್ ಶುರುವಾದವರು ಇದನ್ನು ಮನೆಯವರಿಗೂ ಹೇಳಿಡಿ: ಅಪರೂಪಕ್ಕೆ ಈ ಮಾತ್ರೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳನ್ನು ಥಟ್ಟನೆ ಇಳಿಸುತ್ತದೆ. ಜ್ವರ, ಗಂಟಲು ನೋವು ಬಂದರೆ ಮಾತ್ರೆ ನಿಲ್ಲಿಸಿ, ಅದೇ ದಿನ ರಕ್ತಕಣಗಳ ಎಣಿಕೆ ಮಾಡಿಸಿ. ಮೆಡಿಕಲ್ ಶಾಪಿನಿಂದ ಪ್ಯಾರಾಸಿಟಮಾಲ್ ತಂದು ರಾತ್ರಿ ಕಳೆಯಬೇಡಿ.

‘ಕುತ್ತಿಗೆಯಲ್ಲಿ ಗಂಟು’

ಥೈರಾಯ್ಡ್ ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಟಿಎಸ್‌ಎಚ್ ಮತ್ತು ಕುತ್ತಿಗೆಯ ಅಲ್ಟ್ರಾಸೌಂಡ್ ಮೊದಲು, ಅದರಲ್ಲಿ ಅನುಮಾನ ಬಂದರೆ ಸೂಜಿ ಪರೀಕ್ಷೆ. ಗಂಟು ಬೇಗ ಬೆಳೆದರೆ, ಕಲ್ಲಿನಂತೆ ಗಟ್ಟಿಯಿದ್ದರೆ, ದನಿ ಬದಲಾದರೆ, ನುಂಗಲು ಕಷ್ಟವಾದರೆ ಮುಂದೂಡಬೇಡಿ.

ಗರ್ಭಿಣಿ ಮತ್ತು ಹಸುಗೂಸು

ಮೊದಲ ಮೂರು ತಿಂಗಳು ಗರ್ಭದ ಮಗುವಿಗೆ ತಾಯಿಯ ಹಾರ್ಮೋನೇ ಆಧಾರ. ಥೈರಾಕ್ಸಿನ್ ತೆಗೆದುಕೊಳ್ಳುವವರು ಮುಟ್ಟು ನಿಂತದ್ದು ಗೊತ್ತಾದ ಕೂಡಲೇ ಡಾಕ್ಟರಿಗೆ ಫೋನ್ ಮಾಡಿ. ಸಾಮಾನ್ಯವಾಗಿ ಶೇ. 25ರಿಂದ 30ರಷ್ಟು ಡೋಸ್ ಹೆಚ್ಚಿಸಬೇಕಾಗುತ್ತದೆ. ಗರ್ಭಿಣಿಯಾದೆ ಎಂದು ಮಾತ್ರೆ ನಿಲ್ಲಿಸುವುದು ದೊಡ್ಡ ತಪ್ಪು.

ಹುಟ್ಟಿದ ಮಗುವಿನಲ್ಲಿ ಥೈರಾಯ್ಡ್ ಇಲ್ಲದಿರುವುದು ಅಥವಾ ಕೆಲಸ ಮಾಡದಿರುವುದು ಭಾರತದಲ್ಲಿ ಸಾವಿರ ಚಿಲ್ಲರೆ ಹೆರಿಗೆಗೆ ಒಂದರಂತೆ ಕಾಣುತ್ತದೆ. ತಾಯಿಯ ಹಾರ್ಮೋನ್ ಸ್ವಲ್ಪ ಉಳಿದಿರುವುದರಿಂದ ಮೊದಲ ವಾರಗಳಲ್ಲಿ ಮಗು ಚೆನ್ನಾಗಿಯೇ ಇರುತ್ತದೆ. ವಾರ ಕಳೆದರೂ ಬಿಡದ ಕಾಮಾಲೆ, ಮಲಬದ್ಧತೆ, ಗೊಗ್ಗರು ಅಳು, ಉಬ್ಬಿದ ಹೊಕ್ಕುಳ, ಹಾಲು ಕುಡಿಯುವಾಗಲೇ ನಿದ್ದೆಗೆ ಜಾರುವುದು ಕಾಣಿಸುವ ಹೊತ್ತಿಗೆ ಮೆದುಳಿಗೆ ಪೆಟ್ಟು ಬೀಳಲು ಶುರುವಾಗಿರುತ್ತದೆ. ‘ಮಗು ಎಷ್ಟು ಸಾಧು, ಅಳುವುದೇ ಇಲ್ಲ’ ಎಂದು ಅಜ್ಜಿ ಮೆಚ್ಚಿಕೊಂಡ ಮಗುವೂ ಇಂಥದ್ದಿರಬಹುದು. ಹೊಕ್ಕುಳಬಳ್ಳಿಯ ರಕ್ತದಿಂದ, ಇಲ್ಲವೇ ಎರಡು-ಮೂರನೆಯ ದಿನ ಹಿಮ್ಮಡಿಯಿಂದ ತೆಗೆದ ಕೆಲವು ಹನಿ ರಕ್ತದಿಂದ ಇದನ್ನು ಹಿಡಿಯಬಹುದು. ಎರಡು ವಾರದೊಳಗೆ ಮಾತ್ರೆ ಶುರುವಾದರೆ ಮಗು ಬೇರೆ ಮಕ್ಕಳಂತೆಯೇ ಬೆಳೆಯುತ್ತದೆ. ಮಾತ್ರೆಯನ್ನು ಪುಡಿ ಮಾಡಿ ಒಂದೆರಡು ಚಮಚ ಎದೆಹಾಲು ಅಥವಾ ನೀರಿನಲ್ಲಿ ಕಲಸಿ ಕುಡಿಸುವುದಷ್ಟೇ. ಈ ಪರೀಕ್ಷೆಯನ್ನು ಎಲ್ಲ ಆಸ್ಪತ್ರೆಗಳೂ ತಾವಾಗಿ ಮಾಡುವುದಿಲ್ಲ. ಡಿಸ್ಚಾರ್ಜ್ ಆಗುವ ಮುಂಚೆ ‘ಮಗುವಿಗೆ ಟಿಎಸ್‌ಎಚ್ ಮಾಡಿದ್ದೀರಾ?’ ಎಂದು ಕೇಳಿ, ಮಾಡಿಲ್ಲವೆಂದರೆ ಮಾಡಿಸಿಯೇ ಮನೆಗೆ ಕರೆದುಕೊಂಡು ಹೋಗಿ. ಫಲಿತಾಂಶ ಯಾವ ದಿನ, ಯಾರ ಬಳಿ ಸಿಗುತ್ತದೆ ಎಂಬುದನ್ನೂ ಅಲ್ಲೇ ಬರೆಸಿಕೊಳ್ಳಿ.